ಕಂಟ್ರೋಲ್ ರೂಮಿನ ಪುರಾಣ

2023ರ ಆಗಸ್ಟ್ 23ರ ಸಂಜೆ ದೇಶವೆಲ್ಲ ಕಣ್ಣು ನೆಟ್ಟು ನೋಡಿದ್ದು ಬೆಂಗಳೂರಿನ ಇಸ್ಟ್ರಾಕ್ ಎಂಬ ನೌಕಾ ನಿಯಂತ್ರಣ ಕೇಂದ್ರದ ಒಂದು ಹಾಲನ್ನು. ಸಾಲಾಗಿ ಕಂಪ್ಯೂಟರುಗಳು, ಎದುರಿಗೆ ಗೋಡೆಯಗಲದ ಪರದೆ, ಅದರ ಮೇಲೆ ಬಾಗುತ್ತ ಇಳಿಯುವ ಒಂದು ಗೆರೆ. 5 ಗಂಟೆ 44 ನಿಮಿಷದ ಹೊತ್ತಿಗೆ ಚಂದ್ರಯಾನ-3ರ ಸ್ವಯಂಚಾಲಿತ ಇಳಿಕೆ ಶುರುವಾಯಿತು. 6 ಗಂಟೆ 4 ನಿಮಿಷಕ್ಕೆ ವಿಕ್ರಮ್ ಲ್ಯಾಂಡರ್ ಚಂದ್ರನ ನೆಲ ಮುಟ್ಟಿತು. ಕೋಣೆಯಲ್ಲಿದ್ದವರು ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅವರೇ ನೌಕೆಯನ್ನು ಕೈಹಿಡಿದು ಇಳಿಸಿದರು ಎಂಬಂತೆ ನಾವೂ ತಟ್ಟಿದೆವು. ನಿಜ ಹೇಳಬೇಕೆಂದರೆ ಆ ಇಪ್ಪತ್ತು ನಿಮಿಷಗಳಲ್ಲಿ ಅವರಿಗೂ ನಮಗೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಹಂತ ಹಂತವಾಗಿ ಬರುತ್ತಿದ್ದ ಅಂಕಿಅಂಶಗಳನ್ನು ಅವರು ಓದಿ ಖಚಿತಪಡಿಸುತ್ತಿದ್ದರು, ನಾವು ಅದನ್ನು ಕೇಳಿಸಿಕೊಳ್ಳುತ್ತಿದ್ದೆವು.

ಇಷ್ಟು ಹೇಳಿದ ಕೂಡಲೇ ತಿಳಿದವರು ಇನ್ನೊಂದು ಮಾತು ಜೋಡಿಸುತ್ತಾರೆ. ಅದೇ ಅಲ್ಲವೇ ತಂತ್ರಜ್ಞಾನದ ದಾರಿ, ಮೊದಲು ಮನುಷ್ಯನೇ ದೂರದಿಂದ ಒಂದೊಂದು ಗುಂಡಿ ಒತ್ತಿ ಯಂತ್ರ ನಡೆಸುತ್ತಿದ್ದ, ಆಮೇಲೆ ಅರ್ಧ ಕೆಲಸ ಯಂತ್ರಕ್ಕೆ ಬಿಟ್ಟ, ಈಗ ಯಂತ್ರ ತಾನೇ ನಿರ್ಧಾರ ಮಾಡುತ್ತದೆ, ನಾಳೆ ಮನುಷ್ಯನೇ ಬೇಕಾಗುವುದಿಲ್ಲ. ಡ್ರೋನ್, ಚಾಲಕನಿಲ್ಲದ ಮೆಟ್ರೊ, ವಿದ್ಯುತ್ ಜಾಲ, ಎಲ್ಲದಕ್ಕೂ ಇದೇ ಕಥೆಯನ್ನು ಅಂಟಿಸಿ ಭಾಷಣ ಮಾಡುವುದು ರೂಢಿಯಾಗಿದೆ. ದೂರನಿಯಂತ್ರಣದ ವಿಕಾಸ ಎಂದರೆ ಮನುಷ್ಯನ ಕೈಯಿಂದ ಯಂತ್ರದ ಕೈಗೆ ಅಧಿಕಾರ ದಾಟುವುದು ಎಂಬ ನಂಬಿಕೆ ಇದು. ಕೇಳಲು ಸೊಗಸಾಗಿದೆ. ಆದರೆ ಬಾಹ್ಯಾಕಾಶ ನೌಕೆಗಳ ಚರಿತ್ರೆಯನ್ನು, ಅಂದರೆ ದೂರನಿಯಂತ್ರಣವು ಎಲ್ಲಕ್ಕಿಂತ ಕಠಿಣ ಪರೀಕ್ಷೆಗೆ ಒಳಗಾದ ಕ್ಷೇತ್ರವನ್ನು, ತೆರೆದು ನೋಡಿದರೆ ಈ ಕಥೆಯ ಕಾಲಕ್ರಮವೂ ತಪ್ಪು, ತಾತ್ಪರ್ಯವೂ ತಪ್ಪು.

ಮೊದಲು ಕಾಲಕ್ರಮ. ಯಂತ್ರ ತಾನೇ ಕೆಲಸ ನಡೆಸುವುದು ಕೊನೆಗೆ ಬಂದದ್ದಲ್ಲ, ಮೊದಲೇ ಇದ್ದದ್ದು. 1959ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟದ ಲೂನಾ-3 ಚಂದ್ರನ ಆಚೆ ಬದಿಯ ಫೋಟೊ ತೆಗೆಯಿತು. ಫಿಲ್ಮಿನ ಮೇಲೆ ಚಿತ್ರ ತೆಗೆದು, ನೌಕೆಯೊಳಗೇ ಅದನ್ನು ತೊಳೆದು, ಒಣಗಿಸಿ, ಗೆರೆಗೆರೆಯಾಗಿ ಓದಿ ರೇಡಿಯೊದಲ್ಲಿ ಭೂಮಿಗೆ ಕಳಿಸುವಷ್ಟು ಸ್ವಯಂಚಾಲಿತ ವ್ಯವಸ್ಥೆ ಅದರಲ್ಲಿತ್ತು. 1961ರಲ್ಲಿ ಯೂರಿ ಗಗಾರಿನ್ ಹಾರಿದ ವೋಸ್ಟೋಕ್ ನೌಕೆಯೂ ಹಾಗೆಯೇ. ಒಳಗೆ ಕುಳಿತ ಪೈಲಟ್‌ಗೆ ಅದನ್ನು ನಡೆಸುವ ಅಧಿಕಾರವನ್ನೇ ಕೊಟ್ಟಿರಲಿಲ್ಲ. ಕೈಯಿಂದ ನಡೆಸುವ ವ್ಯವಸ್ಥೆಗೆ ಬೀಗ ಹಾಕಿ, ಬೀಗ ತೆಗೆಯುವ ಮೂರಂಕಿಯ ಗುಟ್ಟಿನ ಸಂಖ್ಯೆಯನ್ನು ಲಕೋಟೆಯಲ್ಲಿಟ್ಟು ಮುಚ್ಚಿದ್ದರು. 1966ರ ಜೂನ್‌ನಲ್ಲಿ ಅಮೆರಿಕದ ಸರ್ವೇಯರ್-1 ಚಂದ್ರನ ಮೇಲೆ ಮೃದುವಾಗಿ ಇಳಿದದ್ದೂ ತನ್ನ ರೇಡಾರ್ ನಂಬಿಕೊಂಡೇ. ಆ ದಿನಗಳ ಇಲೆಕ್ಟ್ರಾನಿಕ್ಸ್ ಇಂದಿನ ಆಟಿಕೆಗಿಂತ ಕಡೆ. ಆದರೂ ಇಳಿಯುವ ಗಳಿಗೆಯ ನಿರ್ಧಾರ ಭೂಮಿಯವರೆಗೆ ಹೋಗಿ ಬರುವಂತಿರಲಿಲ್ಲ.

ಮನುಷ್ಯ ದೂರದಲ್ಲಿ ಕುಳಿತು ಚಕ್ರ ತಿರುಗಿಸುವ ಕಾಲ ಬಂದದ್ದು ಇದೆಲ್ಲ ಆದಮೇಲೆ. 1970ರ ನವೆಂಬರ್ 17ರಂದು ಚಂದ್ರನ ಮೇಲಿಳಿದ ಲೂನೊಖೋದ್-1 ಎಂಬ ಎಂಟು ಚಕ್ರದ ಗಾಡಿಯನ್ನು ಕ್ರಿಮಿಯಾದ ಸಿಂಫೆರೊಪೋಲ್ ಬಳಿಯ ಕೇಂದ್ರದಿಂದ ಐದು ಜನರ ತಂಡ ಓಡಿಸುತ್ತಿತ್ತು. ಒಬ್ಬ ಮುಖ್ಯಸ್ಥ, ಒಬ್ಬ ಚಾಲಕ, ಒಬ್ಬ ದಾರಿ ಲೆಕ್ಕ ಹಾಕುವವನು, ಒಬ್ಬ ಆಂಟೆನಾ ನೋಡಿಕೊಳ್ಳುವವನು, ಒಬ್ಬ ಗಾಡಿಯ ಆರೋಗ್ಯ ನೋಡುವ ಎಂಜಿನಿಯರ್. ಅವರ ಮುಂದೆ ಓಡುವ ವಿಡಿಯೊ ಇರಲಿಲ್ಲ. ಕೆಲವು ಸೆಕೆಂಡುಗಳಿಗೊಮ್ಮೆ, ಒಮ್ಮೊಮ್ಮೆ ಇಪ್ಪತ್ತು ಸೆಕೆಂಡಿಗೊಮ್ಮೆ, ಒಂದೊಂದೇ ಮಸುಕು ಚಿತ್ರ. ಮೇಲಾಗಿ ಕಮಾಂಡ್ ಹೋಗಿ ಉತ್ತರ ಬರಲು ಎರಡೂವರೆ ಸೆಕೆಂಡಿಗಿಂತ ಹೆಚ್ಚು. ಚಾಲಕ ಹಳ್ಳ ಕಂಡು ನಿಲ್ಲಿಸುವ ಹೊತ್ತಿಗೆ ಗಾಡಿ ಆ ಚಿತ್ರ ತೆಗೆದ ಜಾಗ ದಾಟಿ ಆಗಿರುತ್ತಿತ್ತು. ಹೀಗಿದ್ದೂ ಆ ಗಾಡಿ ಹತ್ತು ಕಿಲೊಮೀಟರಿಗೂ ಹೆಚ್ಚು ಓಡಿತು.

1973ರಲ್ಲಿ ಎರಡನೆಯ ಲೂನೊಖೋದ್ ಕಳಿಸುವಾಗ ವಿನ್ಯಾಸಕಾರರು ಏನು ಮಾಡಿದರು ಎಂಬುದು ನಮ್ಮ ವಾದಕ್ಕೆ ಮುಖ್ಯ. ಪ್ರಚಲಿತ ಕಥೆಯ ಪ್ರಕಾರ ಅವರು ಚಾಲಕನ ಕೆಲಸ ಕಡಿಮೆ ಮಾಡಬೇಕಿತ್ತು. ಅವರು ಮಾಡಿದ್ದು ಬೇರೆ. ಮೊದಲ ಗಾಡಿಯ ಕ್ಯಾಮೆರಾಗಳು ತಗ್ಗಿನಲ್ಲಿದ್ದು ದಾರಿ ಸರಿಯಾಗಿ ಕಾಣುತ್ತಿರಲಿಲ್ಲ. ಎರಡನೆಯದರಲ್ಲಿ ಇನ್ನೊಂದು ಕ್ಯಾಮೆರಾವನ್ನು ಎತ್ತರದಲ್ಲಿ ಕೂರಿಸಿದರು, ಚಿತ್ರ ಬರುವ ವೇಗ ಹೆಚ್ಚಿಸಿದರು. ಅಂದರೆ ಮನುಷ್ಯನ ಕಣ್ಣನ್ನು ಚುರುಕು ಮಾಡಿದರು. ಆ ಗಾಡಿ 39 ಕಿಲೊಮೀಟರ್ ಓಡಿತು. ಅರ್ಧ ಶತಮಾನ ಕಳೆದ ಮೇಲೆ, 2023ರ ಆಗಸ್ಟ್ 27ರಂದು, ನಮ್ಮ ಪ್ರಗ್ಯಾನ್ ರೋವರ್‌ಗೆ ಮೂರು ಮೀಟರ್ ಮುಂದೆ ನಾಲ್ಕು ಮೀಟರ್ ಅಗಲದ ಕುಳಿಯೊಂದು ಎದುರಾಯಿತು. ಬಂದ ದಾರಿಯಲ್ಲೇ ಹಿಂದಿರುಗು ಎಂಬ ಕಮಾಂಡ್ ಹೋದದ್ದು ಭೂಮಿಯಿಂದಲೇ. ಇಳಿಯುವಾಗ ಮನುಷ್ಯನನ್ನು ಹೊರಗಿಟ್ಟ ಅದೇ ಯೋಜನೆ, ನಾಲ್ಕು ದಿನದ ನಂತರ ದಾರಿ ತೋರಿಸಲು ಅವನನ್ನೇ ಕರೆಯಿತು. ಇದರಲ್ಲಿ ವಿರೋಧಾಭಾಸವೇನೂ ಇಲ್ಲ. ಇಳಿಯುವ ನೌಕೆ ಎರಡು ಸೆಕೆಂಡ್ ಕಾಯಲಾರದು, ನಿಂತ ಗಾಡಿ ಎರಡು ದಿನ ಬೇಕಾದರೂ ಕಾಯುತ್ತದೆ. ಯಾರು ನಿರ್ಧರಿಸಬೇಕು ಎಂಬುದನ್ನು ಕಾಲಮಾನ ತೀರ್ಮಾನಿಸುವುದಿಲ್ಲ. ದೂರ, ಅವಸರ ಮತ್ತು ತಪ್ಪಿನ ಬೆಲೆ ಈ ಮೂರು ಸೇರಿ ತೀರ್ಮಾನಿಸುತ್ತವೆ.

ಇದಕ್ಕೆ ಹಾಸನಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಸಾಲಗಾಮೆ ರಸ್ತೆಯ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಭೂಸ್ಥಿರ ಉಪಗ್ರಹಗಳನ್ನು ಕಾಯುತ್ತಿದೆ. ಸುಮಾರು 36,000 ಕಿಲೊಮೀಟರ್ ಎತ್ತರದಲ್ಲಿ ಒಂದೇ ಜಾಗದಲ್ಲಿ ನಿಂತಂತೆ ಕಾಣುವ ಉಪಗ್ರಹ ನಿಜವಾಗಿ ನಿಂತಿರುವುದಿಲ್ಲ. ಸೂರ್ಯ ಚಂದ್ರರು ಅದನ್ನು ಉತ್ತರ ದಕ್ಷಿಣಕ್ಕೆ ಎಳೆಯುತ್ತಾರೆ, ಭೂಮಧ್ಯರೇಖೆ ಪೂರ್ತಿ ದುಂಡಗಿಲ್ಲದ ಕಾರಣ ಪೂರ್ವ ಪಶ್ಚಿಮಕ್ಕೂ ಜಾರುತ್ತದೆ. ಸಾಮಾನ್ಯವಾಗಿ ಅತ್ತ ಇತ್ತ 0.1 ಡಿಗ್ರಿಯ, ಅಂದರೆ ಸುಮಾರು 150 ಕಿಲೊಮೀಟರ್ ಅಗಲದ ಚೌಕದೊಳಗೆ ಅದನ್ನು ಹಿಡಿದಿಡಬೇಕು. ಇಂಥ ಕೆಲಸದಲ್ಲಿ ಒಂದು ಕಮಾಂಡ್ ಹೋಗುವ ಕ್ರಮ ನೋಡಿ. ಉಪಗ್ರಹ ಕಮಾಂಡ್ ಸಿಕ್ಕಿದ ತಕ್ಷಣ ಕಾರ್ಯಕ್ಕೆ ಇಳಿಯುವುದಿಲ್ಲ. ತನಗೆ ಕೇಳಿಸಿದ್ದು ಇದು ಎಂದು ಟೆಲಿಮೆಟ್ರಿಯಲ್ಲಿ ವಾಪಸು ಒಪ್ಪಿಸುತ್ತದೆ. ಕೆಳಗಿದ್ದವರು ಕಳಿಸಿದ್ದನ್ನೂ ಬಂದದ್ದನ್ನೂ ತಾಳೆ ನೋಡಿ, ಸರಿಯಿದ್ದರೆ ಮಾತ್ರ 'ನಡೆಸು' ಎಂಬ ಎರಡನೆಯ ಕಮಾಂಡ್ ಕೊಡುತ್ತಾರೆ. ಥ್ರಸ್ಟರ್ ಉರಿಸುವಂಥ ಅಪಾಯದ ಕಮಾಂಡ್ ಆದರೆ ಅದಕ್ಕೂ ಮುಂಚೆ ಬೀಗ ತೆಗೆಯುವ ಕಮಾಂಡ್ ಬೇರೆ. ಸಂಕೇತ ಹೋಗಿ ಬರಲು ಕಾಲು ಸೆಕೆಂಡ್ ಸಾಕಾಗಿರುವುದರಿಂದ ಇಷ್ಟು ಎಚ್ಚರಿಕೆಗೆ ಪುರುಸೊತ್ತಿದೆ. ಈ ಕ್ರಮವನ್ನು ಹಳೆಯ ಕಾಲದ ಉಳಿಕೆ ಎಂದು ಯಾರಾದರೂ ತಳ್ಳಿಹಾಕಿದರೆ ಅವರಿಗೆ ವಿನ್ಯಾಸದ ಗಂಧವಿಲ್ಲ ಎಂದೇ ಅರ್ಥ.

ಕಾಲಕ್ರಮದ ಮಾತಾಯಿತು. ತಾತ್ಪರ್ಯದ ತಪ್ಪು ಇನ್ನೂ ದೊಡ್ಡದು. ಯಂತ್ರ 'ತಾನೇ ನಿರ್ಧರಿಸಿತು' ಎನ್ನುವಾಗ ನಾವು ಏನು ಹೇಳುತ್ತಿದ್ದೇವೆ? ಮಂಗಳಯಾನವನ್ನೇ ತೆಗೆದುಕೊಳ್ಳಿ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಅದು ಸುಮಾರು 24 ನಿಮಿಷ ಎಂಜಿನ್ ಉರಿಸಿ ಮಂಗಳನ ಕಕ್ಷೆ ಸೇರಿತು. ಅಲ್ಲಿಂದ ಇಲ್ಲಿಗೆ ರೇಡಿಯೊ ಸಂಕೇತ ಬರಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕು. ಎಂಜಿನ್ ಉರಿಯುತ್ತಿರುವಾಗಲೇ ನೌಕೆ ಮಂಗಳನ ಮರೆಗೆ ಸರಿದು ಸಂಪರ್ಕವೂ ಕಡಿದಿತ್ತು. ಬೆಂಗಳೂರು ಬಳಿಯ ಬ್ಯಾಲಾಳಿನ 32 ಮೀಟರ್ ಆಂಟೆನಾ ಎಷ್ಟು ದೊಡ್ಡದಿದ್ದರೇನು, ಗ್ರಹದ ಆಚೆಗಿನದು ಕೇಳಿಸುವುದಿಲ್ಲ. ಆದರೆ ಆ ಬೆಳಗ್ಗಿನ ಪ್ರತಿಯೊಂದು ಕಮಾಂಡನ್ನೂ ಯಾವ ಗಳಿಗೆಗೆ ನಡೆಯಬೇಕು ಎಂಬ ಸಮಯದ ಮುದ್ರೆ ಒತ್ತಿ ಸುಮಾರು ಹತ್ತು ದಿನ ಮೊದಲೇ ನೌಕೆಗೆ ತುಂಬಿಸಲಾಗಿತ್ತು. ಸುಮಾರು 300 ದಿನ ಸುಮ್ಮನಿದ್ದ ಎಂಜಿನ್ ಮತ್ತೆ ಹೊತ್ತಿಕೊಳ್ಳುತ್ತದೆಯೇ ಎಂದು ಎರಡು ದಿನ ಮೊದಲು ನಾಲ್ಕು ಸೆಕೆಂಡ್ ಉರಿಸಿ ನೋಡಿದ್ದರು. ಮುಖ್ಯ ಎಂಜಿನ್ ಕೈಕೊಟ್ಟರೆ ಎಂಟು ಸಣ್ಣ ಥ್ರಸ್ಟರುಗಳಿಂದ ಏನು ಮಾಡಬಹುದು ಎಂಬ ಬದಲಿ ಯೋಜನೆಯೂ ಸಿದ್ಧವಿತ್ತು. ಇಲ್ಲಿ ಅಧಿಕಾರ ಯಂತ್ರಕ್ಕೆ ದಾಟಿತೇ? ಇಲ್ಲ. ಕಮಾಂಡ್ ಕೊಡುವ ಹೊತ್ತು ಹಿಂದಕ್ಕೆ ಸರಿಯಿತು, ಅಷ್ಟೆ. ಮನುಷ್ಯ ಕೋಣೆ ಬಿಟ್ಟು ಹೋಗಲಿಲ್ಲ, ಕೆಲಸ ಮೊದಲೇ ಮುಗಿಸಿದ.

ಹೀಗೆ ಮೊದಲೇ ಬರೆದಿಟ್ಟ ನಿಯಮ ಎಷ್ಟು ಬಿಗಿಯಾಗಿ ಹಿಡಿಯಬಲ್ಲದು ಎಂಬುದಕ್ಕೆ ಚಂದ್ರಯಾನ-2 ಉದಾಹರಣೆ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಇಳಿಯುತ್ತಿದ್ದ ಅದರ ವಿಕ್ರಮ್ ಲ್ಯಾಂಡರ್ 30 ಕಿಲೊಮೀಟರ್ ಎತ್ತರದಿಂದ 7.4 ಕಿಲೊಮೀಟರ್‌ಗೆ ಬರುವವರೆಗೆ ತನ್ನ ವೇಗವನ್ನು ಸೆಕೆಂಡಿಗೆ 1,683 ಮೀಟರ್‌ನಿಂದ 146 ಮೀಟರ್‌ಗೆ ತಂದಿತ್ತು. ಮುಂದಿನ ಹಂತದಲ್ಲಿ ಎಡವಟ್ಟಾಯಿತು. ಇಸ್ರೋ ಅಧ್ಯಕ್ಷರಾಗಿದ್ದ ಎಸ್. ಸೋಮನಾಥ್ 2023ರ ಜುಲೈನಲ್ಲಿ ಕೊಟ್ಟ ವಿವರಣೆ ಹೀಗೆ: ಐದು ಎಂಜಿನ್‌ಗಳು ನಿರೀಕ್ಷೆಗಿಂತ ಹೆಚ್ಚು ನೂಕುಬಲ ಕೊಟ್ಟವು, ದೋಷಗಳು ಕೂಡುತ್ತ ಹೋದವು, ಅದನ್ನು ಸರಿಪಡಿಸಲು ನೌಕೆ ಬೇಗ ಹೊರಳಬೇಕಿತ್ತು, ಆದರೆ ಎಷ್ಟು ವೇಗವಾಗಿ ಹೊರಳಬಹುದು ಎಂಬುದಕ್ಕೆ ಸಾಫ್ಟ್‌ವೇರ್‌ನಲ್ಲಿ ಮಿತಿ ಇತ್ತು, ಜೊತೆಗೆ ಇಳಿಯಬೇಕಾದ ಜಾಗ 500 ಮೀಟರ್ ಚೌಕದಷ್ಟು ಸಣ್ಣದು. ಆ ರಾತ್ರಿ ಹಾಲಿನಲ್ಲಿ ಕುಳಿತವರ ಕಣ್ಣೀರನ್ನು ನಾವು ನೋಡಿದೆವು. ನೌಕೆಯ ಹಣೆಬರಹ ತೀರ್ಮಾನವಾದದ್ದು ಅಲ್ಲಿ ಅಲ್ಲ, ತಿಂಗಳುಗಳ ಹಿಂದೆ ಯಾವುದೋ ಪರಿಶೀಲನಾ ಸಭೆಯಲ್ಲಿ, ಆ ಮಿತಿಗೆ ಅಂಕಿ ತುಂಬಿದ ದಿನ. ಚಂದ್ರಯಾನ-3ಕ್ಕೆ ತಿದ್ದಿದ್ದೂ ಅಂಥವನ್ನೇ. ನಡುವಿನ ಎಂಜಿನ್ ತೆಗೆದು ನಾಲ್ಕಕ್ಕೆ ಇಳಿಸಿದರು, ಇಳಿಯುವ ಜಾಗವನ್ನು ಕಿಲೊಮೀಟರುಗಳಷ್ಟು ಹಿಗ್ಗಿಸಿದರು, ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ಬಿದ್ದರೂ ತಾಳುವಂತೆ ಕಾಲು ಗಟ್ಟಿ ಮಾಡಿದರು, ಹೆಚ್ಚು ಇಂಧನ ತುಂಬಿದರು. ಏನೇನು ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡಿ ಒಂದೊಂದಕ್ಕೂ ಜಾಗ ಬಿಟ್ಟರು.

ಹಾಗಾದರೆ ದೂರನಿಯಂತ್ರಣದ ವಿನ್ಯಾಸದಲ್ಲಿ ನಿಜವಾಗಿ ಬೆಳೆದದ್ದೇನು? ನನ್ನ ಉತ್ತರ ಎರಡು. ತಪ್ಪು ಕಮಾಂಡನ್ನು ತಿರಸ್ಕರಿಸುವ ಜಾಣ್ಮೆ ಒಂದು, ಕಮಾಂಡ್ ಬಾರದಿದ್ದಾಗ ಬದುಕುವ ಕಲೆ ಇನ್ನೊಂದು.

ಮೊದಲನೆಯದನ್ನು ಕಲಿಸಿದ್ದು ಸಾಲು ಸಾವುಗಳು. 1976ರಲ್ಲಿ ಮಂಗಳದ ಮೇಲಿಳಿದು ಆರು ವರ್ಷ ಗಟ್ಟಿಯಾಗಿದ್ದ ವೈಕಿಂಗ್-1 ಅನ್ನು ಧೂಳಾಗಲಿ ಚಳಿಯಾಗಲಿ ಕೊಲ್ಲಲಿಲ್ಲ. 1982ರ ನವೆಂಬರ್‌ನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಹೊಸ ಸಾಫ್ಟ್‌ವೇರ್ ಕಳಿಸಲು ಹೋಗಿ, ಆಂಟೆನಾ ಎತ್ತ ತಿರುಗಬೇಕು ಎಂಬ ಮಾಹಿತಿಯ ಮೇಲೆಯೇ ಅದನ್ನು ಬರೆದುಬಿಟ್ಟರು. ಅದು ಭೂಮಿ ಎಲ್ಲಿದೆ ಎಂಬುದನ್ನೇ ಮರೆಯಿತು. 1988ರಲ್ಲಿ ಸೋವಿಯತ್ ನೌಕೆ ಫೋಬೋಸ್-1ಕ್ಕೆ ಕಳಿಸಿದ ಕಮಾಂಡ್‌ನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿತ್ತು. ಉಡಾವಣೆಗೆ ಮುಂಚೆ ನೆಲದ ಮೇಲೆ ಪರೀಕ್ಷಿಸಲು ಬರೆದು, ಆಮೇಲೆ ತೆಗೆಯದೆ ಬಿಟ್ಟಿದ್ದ ಒಂದು ಪ್ರೋಗ್ರಾಮ್ ಅದರಿಂದ ಎದ್ದು ಕುಳಿತು ದಿಕ್ಕು ಕಾಯುವ ಥ್ರಸ್ಟರುಗಳನ್ನು ಬಂದ್ ಮಾಡಿತು. ಸೌರಫಲಕಗಳು ಸೂರ್ಯನಿಂದ ತಿರುಗಿದವು, ಬ್ಯಾಟರಿ ಬರಿದಾಯಿತು, ನೌಕೆ ಹೋಯಿತು. ಎರಡೂ ಕಡೆ ನಿಯಂತ್ರಣ ಪೂರ್ತಿ ಮನುಷ್ಯನ ಕೈಯಲ್ಲೇ ಇತ್ತು, ನೌಕೆಗಳು ಹೇಳಿದಂತೆ ಕೇಳಿದವು. ವಿಧೇಯತೆಯೇ ಮುಳುವಾಯಿತು. ಹಾಸನದ ಮಾದರಿಯ ಒಪ್ಪಿಸುವಿಕೆ, ಎರಡು ಮೆಟ್ಟಿಲಿನ ಕಮಾಂಡ್, ಕಳಿಸುವ ಮೊದಲು ನೌಕೆಯ ತದ್ರೂಪಿನ ಮೇಲೆ ಓಡಿಸಿ ನೋಡುವುದು, ಇವೆಲ್ಲದರ ಉದ್ದೇಶ ಒಡೆಯನ ತಪ್ಪಿನಿಂದ ಯಂತ್ರವನ್ನು ಕಾಪಾಡುವುದು.

ಎರಡನೆಯದಕ್ಕೆ ವಾಯೇಜರ್-2 ಗುರು. 1977ರಲ್ಲಿ ಹೊರಟ ಈ ನೌಕೆಯಲ್ಲಿ ಒಂದು ನಿಯಮ ಬರೆದಿಟ್ಟಿದ್ದರು. ಒಂದು ವಾರ ಭೂಮಿಯಿಂದ ಯಾವ ಕಮಾಂಡೂ ಬಾರದಿದ್ದರೆ ತನ್ನ ರಿಸೀವರ್ ಕೆಟ್ಟಿದೆ ಎಂದು ತಿಳಿದು ಇನ್ನೊಂದು ರಿಸೀವರ್‌ಗೆ ಬದಲಾಗಬೇಕು. 1978ರ ಏಪ್ರಿಲ್‌ನಲ್ಲಿ ಕೆಳಗಿನವರು ಬೇರೆ ಕೆಲಸದ ಗಡಿಬಿಡಿಯಲ್ಲಿ ಕಮಾಂಡ್ ಕಳಿಸುವುದನ್ನೇ ಮರೆತರು. ನೌಕೆ ನಿಯಮ ಪಾಲಿಸಿತು. ಬದಲಿ ರಿಸೀವರ್‌ನಲ್ಲಿ ತರಂಗಾಂತರ ಹಿಂಬಾಲಿಸುವ ಭಾಗ ಕೆಟ್ಟಿತ್ತು; ಮುಖ್ಯ ರಿಸೀವರ್‌ಗೆ ಮರಳಿದ ಸ್ವಲ್ಪ ಹೊತ್ತಿಗೆ ಅದೂ ಸತ್ತಿತು. ಅಂದಿನಿಂದ ಆ ಅರೆಕಿವುಡು ರಿಸೀವರ್ ಒಂದನ್ನೇ ನಂಬಿ, ಅದರ ಕಿವಿ ಇವತ್ತು ಯಾವ ತರಂಗಾಂತರದಲ್ಲಿರಬಹುದು ಎಂದು ಲೆಕ್ಕ ಹಾಕಿ ಮಾತಾಡುತ್ತಿದ್ದಾರೆ. ಆದ್ದರಿಂದಲೇ ನಾಳೆ ಏನೂ ಕೇಳಿಸದೇ ಹೋದರೂ ಮುಂದಿನ ಗ್ರಹದ ಬಳಿ ಕನಿಷ್ಠ ಕೆಲಸವನ್ನಾದರೂ ಮುಗಿಸುವಂತೆ ಬದಲಿ ಕಾರ್ಯಕ್ರಮವೊಂದನ್ನು ಅದರ ನೆನಪಿಗೆ ತುಂಬಿಟ್ಟರು. 2023ರ ಜುಲೈನಲ್ಲಿ ಮತ್ತೊಂದು ತಪ್ಪು ಕಮಾಂಡ್ ಅದರ ಆಂಟೆನಾವನ್ನು ಭೂಮಿಯಿಂದ ಎರಡು ಡಿಗ್ರಿ ಆಚೆ ತಿರುಗಿಸಿತು. ಕ್ಯಾನ್‌ಬೆರಾದ ದೊಡ್ಡ ಆಂಟೆನಾದಿಂದ ಪೂರ್ತಿ ಬಲ ಹಾಕಿ ಕೂಗಿದ ಕಮಾಂಡ್ 18 ಗಂಟೆಗೂ ಹೆಚ್ಚು ಪಯಣಿಸಿ ತಲುಪಿತು. ಆಗಸ್ಟ್ 4ರಂದು ನೌಕೆ ಮತ್ತೆ ಮಾತಾಡಿತು. ಎಲ್ಲರೂ ಆ ಕೂಗನ್ನು ಹೊಗಳಿದರು. ಅದು ವಿಫಲವಾಗಿದ್ದರೂ ಅಕ್ಟೋಬರ್ 15ಕ್ಕೆ ನೌಕೆ ತಾನಾಗಿ ಭೂಮಿಯತ್ತ ಹೊರಳುವ ವ್ಯವಸ್ಥೆ ಮೊದಲೇ ಇತ್ತು ಎಂಬುದನ್ನು ಹೊಗಳಿದವರು ಕಡಿಮೆ.

ಇಲ್ಲಿ ಒಂದು ಆಕ್ಷೇಪ ಏಳಬಹುದು. ಮೊದಲೇ ಬರೆದ ನಿಯಮ ಅಷ್ಟು ಒಳ್ಳೆಯದಾದರೆ ಯಂತ್ರಕ್ಕೆ ಹೆಚ್ಚು ಹೆಚ್ಚು ನಿಯಮ ಕಲಿಸಿ ಬಿಟ್ಟುಬಿಡಬಹುದಲ್ಲ, ಕೊನೆಗೆ ಪ್ರಚಲಿತ ಕಥೆಯೇ ಗೆದ್ದಂತಾಯಿತಲ್ಲ? ನಾಸಾದ ಮಂಗಳ ನೌಕೆ ಮಾರ್ಸ್ ಗ್ಲೋಬಲ್ ಸರ್ವೇಯರ್ ಇದಕ್ಕೆ ಉತ್ತರ. 2006ರ ಜೂನ್‌ನಲ್ಲಿ ಅದಕ್ಕೆ ಕಳಿಸಿದ ಒಂದು ತಿದ್ದುಪಡಿ ತಪ್ಪು ಮೆಮೊರಿ ವಿಳಾಸಕ್ಕೆ ಹೋಯಿತು. ಐದು ತಿಂಗಳು ಏನೂ ತಿಳಿಯಲಿಲ್ಲ. ನವೆಂಬರ್‌ನಲ್ಲಿ ಸೌರಫಲಕ ಅಡ್ಡಿಗೆ ತಗುಲಿ, ನೌಕೆ ತನ್ನ ರಕ್ಷಣಾ ಸ್ಥಿತಿಗೆ ಹೋಗಿ, ಬ್ಯಾಟರಿಗೆ ನೇರ ಬಿಸಿಲು ಬೀಳುವಂತೆ ತಿರುಗಿ ನಿಂತಿತು. ಬ್ಯಾಟರಿ ಕಾಯಿತು. ಕಾದ ಬ್ಯಾಟರಿ ಎಂದರೆ ಅತಿ ಚಾರ್ಜ್ ಆಗಿದೆ ಎಂದು ಬರೆದಿಟ್ಟಿದ್ದ ನಿಯಮ ಚಾರ್ಜ್ ಮಾಡುವುದನ್ನು ನಿಲ್ಲಿಸಿತು. ಸುಮಾರು ಹನ್ನೆರಡು ಗಂಟೆಗಳಲ್ಲಿ ಎಲ್ಲ ಮುಗಿಯಿತು. ಕಾಪಾಡಬೇಕಾದ ನಿಯಮಗಳೇ ಒಂದರ ಕೈ ಒಂದು ಹಿಡಿದು ನೌಕೆಯನ್ನು ಮುಳುಗಿಸಿದವು. ಸ್ವಯಂಚಾಲಿತ ಎಂದ ಮಾತ್ರಕ್ಕೆ ಸುರಕ್ಷಿತ ಅಲ್ಲ. ಅದರೊಳಗಿನ ಬುದ್ಧಿಯೂ ನಮ್ಮದೇ, ಮರೆವೂ ನಮ್ಮದೇ.

2021ರಿಂದ ಮಂಗಳದಲ್ಲಿ ಓಡಾಡುತ್ತಿರುವ ಪರ್ಸಿವಿಯರೆನ್ಸ್ ರೋವರ್ ಕಲ್ಲುಬಂಡೆಗಳ ನಡುವೆ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳುತ್ತದೆ, ಅದರ ತಿರುವುಗಳನ್ನು ಯಾರೂ ಬರೆದಿಟ್ಟಿಲ್ಲ ಎಂಬುದು ನಿಜ. ಅಷ್ಟರಮಟ್ಟಿಗೆ ಎದುರು ಪಕ್ಷದ ಮಾತು ಒಪ್ಪಬೇಕು. ಆದರೆ ಎಲ್ಲಿಗೆ ಹೋಗಬೇಕು, ಎಷ್ಟು ವಾಲಿದರೆ ನಿಲ್ಲಬೇಕು, ಯಾವ ಪ್ರದೇಶಕ್ಕೆ ಕಾಲಿಡಬಾರದು ಎಂಬುದನ್ನು ಹೇಳುವವರು ಇನ್ನೂ ಭೂಮಿಯ ಮೇಲಿದ್ದಾರೆ. ದಾರಿ ಅದರದ್ದು, ಬೇಲಿ ನಮ್ಮದು. ತನ್ನಷ್ಟಕ್ಕೆ ಕಲಿಯುವ ಹೊಸ ಸಾಫ್ಟ್‌ವೇರ್‌ಗಳಲ್ಲಿ ಆ ಬೇಲಿಯನ್ನು ಯಾರು, ಯಾವಾಗ, ಯಾಕೆ ಹಾಕಿದರು ಎಂದು ಹೇಳಲಾಗದ ಸ್ಥಿತಿ ಬಂದರೆ ಅದನ್ನು ವಿಕಾಸ ಎನ್ನಲಾಗದು, ಹೊಣೆಗೇಡಿತನ ಎನ್ನಬೇಕು.

ಹೊಣೆಯ ಮಾತು ಬಂದದ್ದರಿಂದ ಈ ಪುರಾಣ ನಮಗೆ ಮಾಡುತ್ತಿರುವ ನಷ್ಟವನ್ನೂ ಹೇಳಿಬಿಡಬೇಕು. ಕಮಾಂಡ್ ಹೊರಡುವುದು ಟಿ.ವಿ.ಯಲ್ಲಿ ಕಾಣುವ ಕೋಣೆಯಿಂದ, ಆ ಗಳಿಗೆಯಲ್ಲಿ ಎಂದು ನಂಬಿದವರು ಸೋಲನ್ನು ವಿಧಿ ಎಂದು ಒಪ್ಪಿಕೊಳ್ಳುತ್ತಾರೆ, ಇಲ್ಲವೇ ಯಂತ್ರ ಕೈಕೊಟ್ಟಿತು ಎಂದು ಸುಮ್ಮನಾಗುತ್ತಾರೆ. ಚಂದ್ರಯಾನ-2ರ ವಿಷಯದಲ್ಲಿ ಆದದ್ದು ಇದೇ. 2019ರ ನವೆಂಬರ್‌ನಲ್ಲಿ ಲೋಕಸಭೆಗೆ ಕೊಟ್ಟ ಲಿಖಿತ ಉತ್ತರದಲ್ಲಿ, ಎರಡನೆಯ ಹಂತದಲ್ಲಿ ವೇಗ ಕಡಿಮೆಯಾದದ್ದು ವಿನ್ಯಾಸದ ಮಿತಿಗಿಂತ ಹೆಚ್ಚು ಎಂಬ ಕೆಲವೇ ಸಾಲುಗಳ ವಿವರಣೆ ಬಂತು. ಹೊರಳುವ ವೇಗದ ಮಿತಿಯ ಮಾತು ಸಾರ್ವಜನಿಕರ ಕಿವಿಗೆ ಬಿದ್ದದ್ದು ಹೆಚ್ಚುಕಡಿಮೆ ನಾಲ್ಕು ವರ್ಷದ ನಂತರ, ಮುಂದಿನ ನೌಕೆ ಹೊರಡುವ ವಾರದಲ್ಲಿ. ವೈಫಲ್ಯ ವಿಶ್ಲೇಷಣಾ ಸಮಿತಿಯ ಪೂರ್ಣ ವರದಿ ಹೊರಬರಲೇ ಇಲ್ಲ. ಮಾರ್ಸ್ ಗ್ಲೋಬಲ್ ಸರ್ವೇಯರ್ ಕಳೆದುಹೋದಾಗ ನಾಸಾ ಆರೇ ತಿಂಗಳಲ್ಲಿ, ತಪ್ಪು ವಿಳಾಸದ ವಿವರ ಸಮೇತ, ವರದಿ ಪ್ರಕಟಿಸಿತ್ತು. ಫೋಬೋಸ್-1ರ ಬಿಟ್ಟುಹೋದ ಅಕ್ಷರವನ್ನು ಇಂದಿಗೂ ಎಂಜಿನಿಯರಿಂಗ್ ತರಗತಿಗಳಲ್ಲಿ ಪಾಠ ಮಾಡುತ್ತಾರೆ. ನಮ್ಮ ಅತಿ ದುಬಾರಿ ಪಾಠ ಮಾತ್ರ ಬೀರುವಿನಲ್ಲಿದೆ.

ಸೋತ ಎರಡನೆಯ ಯತ್ನದಿಂದ ಗೆದ್ದ ಮೂರನೆಯ ಯತ್ನ ಹುಟ್ಟಿತು, ಇಸ್ರೋ ಒಳಗೆ ಪಾಠ ಚೆನ್ನಾಗಿಯೇ ಕಲಿಯಿತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ದೂರನಿಯಂತ್ರಣ ಈಗ ಇಸ್ರೋದ ಆವರಣಕ್ಕೆ ಸೀಮಿತವಾಗಿ ಉಳಿದಿಲ್ಲ. ಹೊಲದ ಮೇಲೆ ಔಷಧ ಸಿಂಪಡಿಸುವ ಡ್ರೋನ್, ಸುರಂಗದಲ್ಲಿ ಓಡುವ ಮೆಟ್ರೊ, ಅಣೆಕಟ್ಟಿನ ಗೇಟು, ವಿದ್ಯುತ್ ಉಪಕೇಂದ್ರ, ಎಲ್ಲವೂ ದೂರದ ಕಮಾಂಡ್‌ಗೆ ಕಿವಿಗೊಡುತ್ತಿವೆ. ಇವನ್ನು ಮಾರುವವರು ಎಷ್ಟು ದೂರದಿಂದ ನಡೆಸಬಹುದು, ಎಷ್ಟು ತಾನಾಗಿ ನಡೆಯುತ್ತದೆ ಎಂದೇ ಹೇಳುತ್ತಾರೆ, ಕೊಳ್ಳುವವರೂ ಅದನ್ನೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ಸಂಪರ್ಕ ಕಡಿದರೆ ಇದು ಏನು ಮಾಡುತ್ತದೆ? ನಾವು ತಪ್ಪು ಹೇಳಿದರೆ ಒಲ್ಲೆ ಎನ್ನುತ್ತದೆಯೇ? ಇದರೊಳಗಿನ ಮಿತಿಗಳನ್ನು ಯಾರು ಬರೆದರು, ಆ ಕಾಗದ ಎಲ್ಲಿದೆ? ಈ ಮೂರಕ್ಕೆ ಉತ್ತರ ಕೊಡಲಾಗದ ಯಂತ್ರವನ್ನು, ಅದು ಎಷ್ಟೇ ಜಾಣ ಯಂತ್ರವಾಗಿರಲಿ, ಕೊಳ್ಳಬಾರದು. ಸಾರ್ವಜನಿಕರ ದುಡ್ಡಿನಲ್ಲಂತೂ ಖಂಡಿತ ಕೂಡದು.